ಕೊಂಬಿಲ್ಲದ ಗುಳಿಗೆ

"ಮೊದಲು ನಮ್ಮ ಮನೇಲಿ ಹೆಂಡತಿ ಇದ್ದಳು, ಈಗ ಒಂದು ವಿಶ್ವವಿದ್ಯಾಲಯ ಇದೆ" ಎಂದು ಕೊಂಬಣ್ಣ ಸಿಕ್ಕಸಿಕ್ಕವರ ಹತ್ತಿರ ದೂರು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. "ಊಟಕ್ಕೆ ಉಪ್ಪಿಲ್ಲ, ಮಾತಿಗೆ ಬಿಡುವಿಲ್ಲ. ಕೇಳಿದರೆ ಸಂಶೋಧನೆ ಅಂತಾಳೆ."

ಕೊಂಬಣ್ಣ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಅಕ್ಷರಕ್ಕೆ ಉಕಾರ ಕೊಡುವ ಪುಟ್ಟ ಕೊಂಬು ಎಲ್ಲಿ ಬಿಟ್ಟುಹೋಗಿದ್ದರೂ ಮಾರು ದೂರದಿಂದಲೇ ಹಿಡಿಯುತ್ತಿದ್ದುದರಿಂದ ಆ ಹೆಸರು. ("ನಿನಗೇನು ಎರಡು ಕೊಂಬಿದೆಯಾ?" ಎಂದು ಯಾರಾದರೂ ಜಗಳಕ್ಕೆ ಬಂದರೆ "ಎರಡಲ್ಲ, ಈ ಪುಟದಲ್ಲೇ ನಲವತ್ತಿರಬೇಕಿತ್ತು, ಮೂರು ಕಮ್ಮಿ ಇದೆ" ಅನ್ನುವ ಆಸಾಮಿ.) ಅವನಿಗಿದ್ದ ಕೊರತೆ ಒಂದೇ. ಅಕ್ಷರ ನೋಡುತ್ತಿದ್ದ, ಅರ್ಥ ನೋಡುತ್ತಿರಲಿಲ್ಲ. ತನ್ನದೇ ಮದುವೆಯ ಕರೆಯೋಲೆಯಲ್ಲಿ ಎರಡು ಒತ್ತು, ಒಂದು ದೀರ್ಘ ತಿದ್ದಿಕೊಟ್ಟು, ತಾರೀಖು ನೋಡದೆ, ಮದುವೆಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಿದ್ದವನು ಅವನು.

(ಕೊಂಬಣ್ಣ ಹೋಗಿ ಹತ್ತು ತಿಂಗಳಾಯಿತು. ಅವನ ವಿಷಯ ಬರೆಯುವಾಗ ಅಳಬಾರದು. ಒದ್ದೆ ಕಾಗದದ ಮೇಲೆ ಕೆಂಪು ಶಾಯಿ ಹರಡುತ್ತದೆ ಎಂದು ಅವನೇ ಬಯ್ಯುತ್ತಿದ್ದ.)

ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ದಾದಿ. ಬೀದಿಗೆಲ್ಲ ನರ್ಸಮ್ಮ. ಇಪ್ಪತ್ತೆಂಟು ವರ್ಷ ಸೂಜಿ ಚುಚ್ಚಿದ ಮೇಲೆ, ಐವತ್ತರ ಹೊಸ್ತಿಲಲ್ಲಿ ಒಂದು ಭಾನುವಾರ, ಬಟ್ಟೆ ಮಡಚುತ್ತಾ ಮಡಚುತ್ತಾ ಆಕೆ ಹೇಳಿದರು: "ರೀ, ನಾನು ಓದ್ತೀನಿ."

"ಓದು. ಪೇಪರ್ ಅಲ್ಲೇ ಇದೆ."

"ಪೇಪರ್ ಅಲ್ಲ. ಎಂ.ಎ. ಆಮೇಲೆ ಪಿಎಚ್.ಡಿ."

ಎಂ.ಎ. ಎರಡು ವರ್ಷದಲ್ಲಿ ಮುಗಿಯಿತು. ಪಿಎಚ್.ಡಿ. ಮನೆಯೊಳಗೇ ಬಂದು ಕೂತಿತು. ಆಕೆ ಸೇರಿದ ವಿಭಾಗದಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ಸಾರ್ವಜನಿಕ ಆರೋಗ್ಯ ಮೂರೂ ಒಂದೇ ಸೂರಿನಡಿ ಇದ್ದವು. "ಸಮಾಜಶಾಸ್ತ್ರಕ್ಕೆ ಬೀದಿ, ಸಾರ್ವಜನಿಕ ಆರೋಗ್ಯಕ್ಕೆ ನಮ್ಮ ಬಚ್ಚಲು, ಮಾನವಶಾಸ್ತ್ರಕ್ಕೆ ನಾನು. ಮೂರು ಶಾಸ್ತ್ರಕ್ಕೂ ಸೇರಿ ಒಬ್ಬನೇ ಗಂಡ" ಎಂದು ಕೊಂಬಣ್ಣ ನಿಟ್ಟುಸಿರು ಬಿಡುತ್ತಿದ್ದ. ನಿಟ್ಟುಸಿರು ಬಿಟ್ಟದ್ದನ್ನೂ ನರ್ಸಮ್ಮ ಬರೆದುಕೊಳ್ಳುತ್ತಿದ್ದರು.

"ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೊಂಡ್ರಿ?"

"ಎರಡು ಚಮಚ."

"ಹೇಳಿದ್ದು ಎರಡು, ಹಾಕಿದ್ದು ಮೂರೂವರೆ." ನೀಲಿ ರಟ್ಟಿನ ಪುಸ್ತಕದಲ್ಲಿ ಪೆನ್ನು ಓಡಿತು.

"ಲೇ, ಕಟ್ಟಿಕೊಂಡ ಗಂಡನ ಮೇಲೆ ಕಣ್ಣಿಡ್ತೀಯಲ್ಲೇ! ಹಿಂದೆ ಇದಕ್ಕೆ ಚಾಡಿ ಅಂತಿದ್ರು."

"ಈಗ ಅವಲೋಕನ ಅಂತಾರೆ. ನಾಳೆಯಿಂದ ಕ್ಷೇತ್ರಕಾರ್ಯ ಶುರು."

"ಕ್ಷೇತ್ರ? ಯಾವ ಹೊಲ?"

"ನಮ್ಮ ಬೀದಿ, ಹಿಂದಿನ ಬೀದಿ, ಅದರ ಪಕ್ಕದ್ದು. ಈ ಮೂರೇ ನನ್ನ ಹೊಲ."

"ಹಾಗಾದ್ರೆ ನಾನೇನು, ಬೆದರುಬೊಂಬೆಯಾ?"

"ನೀವು ಬೆಳೆ ಕಣ್ರೀ" ಎಂದರು ನರ್ಸಮ್ಮ, ಪುಸ್ತಕದಿಂದ ತಲೆ ಎತ್ತದೆ. "ಕಾಳೋ ಜೊಳ್ಳೋ ಕೊಯ್ದ ಮೇಲೆ ಗೊತ್ತಾಗುತ್ತೆ."

ಸಂಶೋಧನೆಯ ವಿಷಯ ಇಷ್ಟೇ: ಬಿಪಿಗೆ ದಿನಾ ಮಾತ್ರೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ ನಡುವಯಸ್ಸಿನ ಗಂಡಸರು ನಿಜವಾಗಿ ತೆಗೆದುಕೊಳ್ಳುತ್ತಾರೆಯೇ? ಬಾಯಲ್ಲಿ ಹೇಳುವುದಕ್ಕೂ ಬಾಯಿಗೆ ಹಾಕುವುದಕ್ಕೂ ನಡುವೆ ಎಷ್ಟು ಅಂತರ? ಮೂರು ಬೀದಿಯ ಇಪ್ಪತ್ತೆರಡು ಗಂಡಸರು ಇದಕ್ಕೆ ಮಾಹಿತಿದಾರರು.

ವಿಷಯ ಕೇಳಿದ ಕೂಡಲೇ ಕೊಂಬಣ್ಣ ಒಂದು ತಕರಾರು ಎತ್ತಿದ. "ಮಾತ್ರೆ ಅಂತ ಬರೀಬೇಡ. ಮಾತ್ರೆ ಅನ್ನೋದು ಛಂದಸ್ಸಿನ ಮಾತು. ಲಘುವಿಗೆ ಒಂದು, ಗುರುವಿಗೆ ಎರಡು. ನುಂಗೋದಕ್ಕೆ ಗುಳಿಗೆ ಅನ್ನಬೇಕು."

"ಜನ ಎಲ್ಲಾ ಮಾತ್ರೆ ಅಂತಾರಲ್ರೀ."

"ಜನ ಏನು ಬೇಕಾದ್ರೂ ಅಂತಾರೆ. ಮಹಾಪ್ರಬಂಧ ಹಾಗನ್ನಬಾರದು."

ಗಂಡನ ಮಾತು ಯಾಕೆ ತೆಗೆದುಹಾಕಬೇಕೆಂದು ನರ್ಸಮ್ಮ ಉದ್ದಕ್ಕೂ ಗುಳಿಗೆ ಎಂದೇ ಬರೆದರು. ಟೈಪು ಮಾಡುವ ಹುಡುಗಿಗೆ ಮಾತ್ರ ಆ ಪದ ಕೈಗೆ ಹತ್ತಲಿಲ್ಲ. ಕೊಂಬು ಬಿಟ್ಟು ಎಲ್ಲ ಕಡೆ 'ಗಳಿಗೆ' ಎಂದೇ ಬಡಿಯುತ್ತಿದ್ದಳು. "ಗಂಡಸರು ಬೆಳಿಗ್ಗೆ ಒಂದು ಗಳಿಗೆ ನುಂಗುತ್ತಾರೆ" ಎಂಬಂಥ ವಾಕ್ಯಗಳು ಬಂದು, ಮಹಾಪ್ರಬಂಧ ಅಲ್ಲಲ್ಲಿ ವೇದಾಂತದಂತೆ ಕಾಣುತ್ತಿತ್ತು.

ಈಗ ಕೊಂಬಣ್ಣನ ಗುಟ್ಟು ಹೇಳಬೇಕು. ಅವನಿಗೂ ಬಿಪಿ ಇತ್ತು. ಡಾಕ್ಟರು "ದಿನಾ ಒಂದು, ಜೀವನಪೂರ್ತಿ" ಎಂದು ಚೀಟಿ ಬರೆದುಕೊಟ್ಟಿದ್ದರು. ಆ 'ಜೀವನಪೂರ್ತಿ' ಎಂಬ ಮಾತು ಅವನ ಎದೆಗೆ ತಾಗಿತ್ತು. ವಾಕ್ಯದ ನಡುವೆಯೇ ಯಾರೋ ಪೂರ್ಣವಿರಾಮ ಇಟ್ಟ ಹಾಗೆ. ನುಂಗದಿದ್ದರೆ ಕಾಯಿಲೆಯೂ ಇಲ್ಲ ಎಂಬ ಭಂಡ ಧೈರ್ಯ ಮಾಡಿದ. ಆದರೆ ಮನೆಯಲ್ಲಿ ನರ್ಸು! ಅದಕ್ಕೊಂದು ಕಲೆ ಕಂಡುಕೊಂಡ. ಬೆಳಿಗ್ಗೆ ಹೆಂಡತಿಯ ಎದುರಿಗೇ ಹಾಳೆಯಿಂದ ಗುಳಿಗೆ ಬಿಡಿಸುವುದು, ಬಾಯಿಗೆ ಹಾಕುವುದು, ಗುಟುಕು ನೀರು ಕುಡಿಯುವುದು, "ಆಹಾ" ಅನ್ನುವುದು. ಆಮೇಲೆ ಬೀದಿ ನೋಡುವವನಂತೆ ಕಿಟಕಿಗೆ ಹೋಗಿ, ಕೆನ್ನೆಯಲ್ಲಿ ಅಡಗಿಸಿಟ್ಟದ್ದನ್ನು ಹೂವಿನ ಕುಂಡದ ಮಣ್ಣಿಗೆ ಒತ್ತುವುದು. ಹಾಳೆ ಎಣಿಸಿದರೆ ಒಂದೂ ಹೆಚ್ಚು ಕಮ್ಮಿ ಇಲ್ಲ. ಎರಡು ವರ್ಷ ನಡೆಯಿತು ಈ ಬಿತ್ತನೆ.

ಹೀಗಿರುವಾಗ ಒಂದು ದಿನ ನರ್ಸಮ್ಮ ಒಂದು ಅಚ್ಚಾದ ಹಾಳೆ ಮುಂದಿಟ್ಟು, "ಇದನ್ನ ಓದಿ ಸಹಿ ಹಾಕಿ" ಎಂದರು. ಅದು ಮಾಹಿತಿದಾರರ ಒಪ್ಪಿಗೆ ಪತ್ರ. 'ನನ್ನ ಗುಳಿಗೆ ಸೇವನೆಯನ್ನು ಗಮನಿಸಿ ದಾಖಲಿಸಲು ಸಮ್ಮತಿಸಿದ್ದೇನೆ, ನನ್ನ ಗುರುತನ್ನು ಮರೆಮಾಡಿ ಬರೆಯತಕ್ಕದ್ದು' ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಅಚ್ಚಾದ ಹಾಳೆ ಕಂಡರೆ ಕೊಂಬಣ್ಣನ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತಿತ್ತು. ತಪ್ಪುಗಳನ್ನೆಲ್ಲ ತಿದ್ದಿ, ಅಡಿಯಲ್ಲಿ ಮೂವತ್ತು ವರ್ಷದ ಅಭ್ಯಾಸದಂತೆ 'ತಿದ್ದಿ ನೋಡಿದೆ' ಎಂದು ಸಹಿ ಮಾಡಿ, ಮರೆತುಬಿಟ್ಟ.

ಮೂರು ವರ್ಷಕ್ಕೆ ಮಹಾಪ್ರಬಂಧ ಮುಗಿಯಿತು. ಅಷ್ಟೂ ಪುಟ ಕರಡು ತಿದ್ದಲು ಗಂಡನ ಕೈಗೇ ಬಂತು. ಕೊಂಬಣ್ಣ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೊಂಬು ಕೂರಿಸುತ್ತಾ ಕೂತ. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಪೆನ್ನು ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಅರ್ಥ ನೋಡಿದ.

'ಮಾಹಿತಿದಾರ ಏಳು. ಗಡಿಯಾರ ರಿಪೇರಿ ಮಾಡುವವರು. ಪ್ರತಿದಿನ ಮನೆಯವರ ಎದುರು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಕೆನ್ನೆಯಲ್ಲಿ ಅಡಗಿಸಿ, ನಂತರ ಗೋಡೆ ಗಡಿಯಾರದ ಒಳಗೆ ಹಾಕುತ್ತಾರೆ.'

"ಅಯ್ಯೋ ಮುಳ್ಳಣ್ಣ!" ಎಂದು ಉದ್ಗರಿಸಿದ ಕೊಂಬಣ್ಣ.

ಬೀದಿಯ ಮೂಲೆಯಲ್ಲಿ ಗಡಿಯಾರದ ಅಂಗಡಿ ಇಟ್ಟವನು ಮುಳ್ಳಣ್ಣ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಮುಳ್ಳು ಸರಿಮಾಡುವವನು. ಕೊಂಬಣ್ಣನಿಗೂ ಅವನಿಗೂ ನಲವತ್ತು ವರ್ಷದ ಗೆಳೆತನ. ಒಬ್ಬ ಹಾಯುವವ, ಒಬ್ಬ ಚುಚ್ಚುವವ ಎಂದು ಬೀದಿಯವರು ನಗುತ್ತಿದ್ದರು. ಇಂಥ ಗೆಳೆಯನೂ ತನ್ನ ಹಾಗೆಯೇ ಕೆನ್ನೆಗಳ್ಳ! ಮೊದಲು ಕೊಂಬಣ್ಣನಿಗೆ ನಗು ಬಂತು. ಆಮೇಲೆ ಹೊಟ್ಟೆಕಿಚ್ಚು ಬಂತು: ಕುಂಡಕ್ಕಿಂತ ಗಡಿಯಾರ ಒಳ್ಳೆಯ ಉಪಾಯ. ಅದಾದ ಮೇಲೆ ಮುಂದಿನ ಪುಟ ಓದಿದ. ಗುಳಿಗೆ ತಪ್ಪಿಸಿದವರಿಗೆ ಏನೇನಾಗುತ್ತದೆ ಎಂದು ಅಲ್ಲಿ ಬರೆದಿತ್ತು. ಕೈಕಾಲು ಬೀಳುವುದು, ಮಾತು ಹೋಗುವುದು, ಇದ್ದಕ್ಕಿದ್ದಂತೆ ಎದೆ ನಿಲ್ಲುವುದು. ಇದೆಲ್ಲ ತನಗೂ ಆಗಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಮುಳ್ಳಣ್ಣನಿಗೆ ಆಗಬಹುದೆಂದು ಹೊಳೆಯಿತು. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಅಂಗಡಿಗೆ ಓಡಿದ.

"ಬಾಯಿ ತೆಗಿ."

"ಯಾಕೋ?"

"ತೆಗಿ ಅಂದ್ರೆ ತೆಗಿ. ಕೆನ್ನೆ ತೋರಿಸು. ಆ ಗೋಡೆ ಗಡಿಯಾರ ಬಿಚ್ಚು."

"ಅದು ಗಿರಾಕಿದು, ಮಾರಾಯ! ಏನಾಗಿದೆ ನಿಂಗೆ?"

"ನಂಗಲ್ಲ, ನಿಂಗೆ. ಬಿಪಿ."

"ನಂಗೆಲ್ಲಿದೆ ಬಿಪಿ?"

"ಎಲ್ಲಾ ಹೀಗೇ ಅನ್ನೋದು. ಎರಡನೇ ಅಧ್ಯಾಯದಲ್ಲಿದೆ: ಮೊದಲ ಹಂತ, ನಿರಾಕರಣೆ."

ಮುಳ್ಳಣ್ಣ ಆಣೆ ಇಟ್ಟ. ಅದು ಎರಡನೇ ಹಂತ ಎಂದ ಕೊಂಬಣ್ಣ. ಮುಳ್ಳಣ್ಣ ಸಿಟ್ಟಾದ. ಮೂರನೆಯದು. ಕಡೆಗೆ ಮುಳ್ಳಣ್ಣ ಸುಮ್ಮನೆ ಭೂತಗನ್ನಡಿ ಹಾಕಿಕೊಂಡು ಕೂತಾಗ, "ನೋಡಿದ್ಯಾ, ಮೌನವೂ ಇದೆ ಅದರಲ್ಲಿ" ಎಂದು ಕೊಂಬಣ್ಣ ಮನೆಗೆ ಬಂದ. ಅಂದು ಅವನಿಗೆ ಊಟ ಸೇರಲಿಲ್ಲ. (ಉಪ್ಪಂತೂ ಇರಲೇ ಇಲ್ಲ.)

ಮಾರನೇ ಬೆಳಿಗ್ಗೆ ಹೋದರೆ ಮುಳ್ಳಣ್ಣ ಯಾಕೋ ಮೆತ್ತಗಾಗಿದ್ದ.

"ಆಯ್ತು ಮಾರಾಯ, ನುಂಗ್ತೀನಿ. ಆದ್ರೆ ಒಬ್ಬನೇ ನುಂಗೋಕೆ ಬೇಜಾರು. ನಿಂದೂ ತಗೊಂಡು ಬಾ. ದಿನಾ ಎಂಟು ಗಂಟೆಗೆ ಇಲ್ಲೇ, ಇಬ್ರೂ."

"ನಂದು ಮನೇಲಿ ಆಗುತ್ತೆ."

"ಹಾಗಾದ್ರೆ ನಂದೂ ಮನೇಲಿ ಆಗುತ್ತೆ ಬಿಡು" ಎಂದು ಮುಳ್ಳಣ್ಣ ಗೋಡೆ ಗಡಿಯಾರದ ಕಡೆ ನೋಡಿದ.

ಕೊಂಬಣ್ಣ ಇಕ್ಕಟ್ಟಿಗೆ ಸಿಕ್ಕ. ಗೆಳೆಯನ ಜೀವ ಒಂದು ಕಡೆ, ಎರಡು ವರ್ಷದ ಕಲೆ ಒಂದು ಕಡೆ. ಕೊನೆಗೆ ಜೇಬಿಗೆ ಗುಳಿಗೆಯ ಹಾಳೆ ಇಟ್ಟುಕೊಂಡು ಹೊರಟ. ಹೆಂಡತಿಗೆ ಮಾತ್ರ "ಅಂಗಡೀಲೇ ತಗೋತೀನಿ, ಅವನಿಗೆ ಜೊತೆ ಬೇಕಂತೆ" ಎಂದ. ಎಂಟು ಹೊಡೆಯಿತು. ಅಂಗಡಿಯಲ್ಲಿ ನೂರು ಗಡಿಯಾರ, ನೂರೂ ಒಂದಾದ ಮೇಲೊಂದು ಹೊಡೆದವು. ಎರಡು ಲೋಟ ನೀರು. ಮುಳ್ಳಣ್ಣ ಒಂದು ಚಿಕ್ಕ ತಗಡಿನ ಡಬ್ಬಿಯಿಂದ ಬಿಳಿಯದೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. ಕೊಂಬಣ್ಣನೂ ಹಾಕಿಕೊಂಡ.

"ಈಗ ಕೆನ್ನೆ ತೋರಿಸು" ಎಂದ ಮುಳ್ಳಣ್ಣ.

"ನಾನ್ಯಾಕೆ?"

"ನಿಂಗೊಂದು ನ್ಯಾಯ, ನಂಗೊಂದು ನ್ಯಾಯವಾ?"

ಕೊಂಬಣ್ಣ ಕಣ್ಣುಮುಚ್ಚಿ ನುಂಗಿದ. 'ಗೆಳೆಯನಿಗಾಗಿ ರಾಜ್ಯ ಬಿಟ್ಟವರುಂಟು, ಪ್ರಾಣ ಕೊಟ್ಟವರುಂಟು. ಗುಳಿಗೆ ನುಂಗಿದ ತ್ಯಾಗಮೂರ್ತಿ ನಾನೊಬ್ಬನೇ' ಎಂದುಕೊಂಡ. ಹೀಗೆ ಮೂರು ತಿಂಗಳು ನಡೆಯಿತು. ಎರಡು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದ ತಲೆಭಾರ ಹೋಯಿತು. ಅದನ್ನವನು ಪರೋಪಕಾರದ ಫಲ ಎಂದು ತಿಳಿದ.

ಅಷ್ಟರಲ್ಲಿ ಮೌಖಿಕ ಪರೀಕ್ಷೆಯ ದಿನ ಬಂತು. ವಿಶ್ವವಿದ್ಯಾಲಯದ ಉದ್ದನೆಯ ಕೋಣೆ. ಯಾರು ಬೇಕಾದರೂ ಬಂದು ಕೂರಬಹುದು. ಹೊರಗಿನಿಂದ ಬಂದ ಪರೀಕ್ಷಕರಿಗೆ ಗುಡುಗಿನಂಥ ದನಿ. ಪಕ್ಕದಲ್ಲಿ ನರ್ಸಮ್ಮನ ಗೈಡು. ವಯಸ್ಸಿನಲ್ಲಿ ಮಗಳಂತಿದ್ದ ಆಕೆಯನ್ನು ಕೊಂಬಣ್ಣ 'ಮರಿ ಮೇಡಂ' ಎನ್ನುತ್ತಿದ್ದ. ಮುಂದಿನ ಸಾಲಿನಲ್ಲಿ ಕೊಂಬಣ್ಣ, ಮುಳ್ಳಣ್ಣ. ಇಷ್ಟೂ ವರ್ಷ ಡಾಕ್ಟರುಗಳ ಹಿಂದೆ ತಟ್ಟೆ ಹಿಡಿದು ನಡೆದ ನರ್ಸಮ್ಮ ಅಂದು ತಾವೇ ಡಾಕ್ಟರಾಗಬೇಕು.

ಎಲ್ಲ ಚೆನ್ನಾಗಿಯೇ ನಡೆಯಿತು, ನಾಲ್ಕನೇ ಅಧ್ಯಾಯದವರೆಗೆ.

"ಈ ಮಾಹಿತಿದಾರ ಏಳು" ಎಂದರು ಪರೀಕ್ಷಕರು. "ನಿಮ್ಮ ಇಡೀ ವಾದ ಇವರ ಮೇಲೆ ನಿಂತಿದೆ. ಗುಳಿಗೆ ಹಾಳೆ ಎಣಿಸಿದರೆ ಸಾಲದು ಅನ್ನೋದಕ್ಕೆ ಇವರೊಬ್ಬರೇ ಸಾಕ್ಷಿ. ಆದರೆ ನನಗೆ ನಂಬಿಕೆ ಬರ್ತಾ ಇಲ್ಲ. ದಿನಾ ಒಬ್ಬ ಮನುಷ್ಯ ಹೆಂಡತಿ ಜೊತೆ ಮಾತಾಡಿಕೊಂಡೇ ಗುಳಿಗೇನ ಕೆನ್ನೆಯಲ್ಲಿ ಇಟ್ಟುಕೊಳ್ಳೋದಾ? ಅದು ಕಹಿ. ಕರಗುತ್ತೆ. ಆಗದ ಮಾತು. ಇದು ಕಟ್ಟುಕಥೆ ಅಲ್ಲ ಅಂತ ಹೇಗೆ ಒಪ್ಪಲಿ?"

"ನಾನೇ ಕಣ್ಣಾರೆ ಕಂಡಿದ್ದೀನಿ, ಸರ್."

"ಎಲ್ಲಿ? ಯಾರ ಮನೇಲಿ?"

ನರ್ಸಮ್ಮನ ಕಣ್ಣಲ್ಲಿ ನೀರು ನಿಂತಿತು. "ಅದನ್ನ ಹೇಳೋ ಹಾಗಿಲ್ಲ, ಸರ್. ಗುಟ್ಟು ಕಾಯ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಈ ಅಧ್ಯಾಯ ತೆಗೆದು ಮತ್ತೆ ಬರೀಬೇಕಾಗುತ್ತೆ. ಇನ್ನೊಂದು ವರ್ಷ."

ಇನ್ನೊಂದು ವರ್ಷ! ಕೊಂಬಣ್ಣ ಮುಳ್ಳಣ್ಣನನ್ನು ಮೊಣಕೈಯಲ್ಲಿ ತಿವಿದ. "ಏಳೋ, ಎದ್ದು ಹೇಳೋ." ಮುಳ್ಳಣ್ಣ ಚಾವಣಿ ನೋಡುತ್ತಾ ಕೂತಿದ್ದ. ಹೆಂಡತಿಯ ಕೈಯ ಹಾಳೆ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಆಕೆಯ ಕೈ ನಡುಗಿದ್ದನ್ನು ಕೊಂಬಣ್ಣ ನೋಡಿದವನಲ್ಲ. ಸೂಜಿ ಹಿಡಿಯುವ ಕೈ ಅದು. ಮುಂದೇನಾಯಿತೋ ಅವನಿಗೇ ತಿಳಿಯಲಿಲ್ಲ. ಎದ್ದು ನಿಂತಿದ್ದ.

"ಸ್ವಾಮೀ, ಆಗದ ಮಾತು ಅನ್ನಬೇಡಿ! ನಾಲಿಗೆ ಮೇಲಿಟ್ಟರೆ ಕಹಿ, ಒಪ್ಪಿದೆ. ಒಸಡಿಗೂ ಕೆನ್ನೆಗೂ ನಡುವೆ, ಕಡೇ ಹಲ್ಲಿನ ಪಕ್ಕ ಇಟ್ಟರೆ ಐದು ನಿಮಿಷ ಜಪ್ಪಯ್ಯ ಅಂದ್ರೂ ಕರಗಲ್ಲ. ಮಾತಾಡಬಹುದು, ಶಿಳ್ಳೆ ಹಾಕಬಹುದು. ನಾನು ಎರಡು ವರ್ಷ ಇಟ್ಟಿದ್ದೀನಿ!"

ಕೋಣೆಯ ತಲೆಗಳೆಲ್ಲ ಅವನ ಕಡೆ ತಿರುಗಿದವು. ಮಾನ ಹೋಯಿತೆಂದು ಕೊಂಬಣ್ಣನಿಗೆ ಗೊತ್ತಾಯಿತು. ಆದರೂ ಹೆಂಡತಿಗಾಗಿ ತಾನೆ, ಹೋಗಲಿ ಎಂದುಕೊಂಡ.

ಪರೀಕ್ಷಕರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ನಂತರ, ಪರೀಕ್ಷಕರು ಮಾತ್ರ ನೋಡಬಹುದಾದ ಮೊಹರು ಹಾಕಿದ ಲಕೋಟೆ ತರಿಸಿ, ಒಡೆದು, ಏಳನೇ ಒಪ್ಪಿಗೆ ಪತ್ರ ತೆಗೆದು ತಮ್ಮ ಕಡೆಗೇ ಹಿಡಿದುಕೊಂಡರು. ಅವರ ಮೀಸೆ ಅಲುಗಿತು.

"ಹೆಸರು ಹೇಳಲ್ಲ. ಆದರೆ ನಲವತ್ತು ವರ್ಷದಲ್ಲಿ ಇಂಥ ಒಪ್ಪಿಗೆ ಪತ್ರ ನೋಡಿರಲಿಲ್ಲ. ಈ ಮಹಾಶಯರು ಸಹಿ ಮಾಡೋ ಮೊದಲು ಕೆಂಪು ಶಾಯೀಲಿ ಒಂಬತ್ತು ತಪ್ಪು ತಿದ್ದಿದ್ದಾರೆ."

"ಹತ್ತು!" ಎಂದ ಕೊಂಬಣ್ಣ ನಿಂತಲ್ಲೇ. "ಮೂರನೇ ಸಾಲಲ್ಲಿ ಗುಳಿಗೆಗೆ ಕೊಂಬಿರಲಿಲ್ಲ!"

ಬಾಯಿಂದ ಬಿದ್ದ ಮಾತನ್ನು ಅವನ ಕಿವಿ ನಿಧಾನವಾಗಿ ಕೇಳಿಸಿಕೊಂಡಿತು. ಒಮ್ಮೆ ಹೆಂಡತಿಯನ್ನು ನೋಡಿದ. ಒಮ್ಮೆ ಮುಳ್ಳಣ್ಣನನ್ನು ನೋಡಿದ. ಮುಳ್ಳಣ್ಣ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದ. ಕೋಣೆಗೆ ಕೋಣೆಯೇ ನಕ್ಕಿತು. ಪರೀಕ್ಷಕರು ಮೇಜು ಕುಟ್ಟಿ ಕುಟ್ಟಿ ನಕ್ಕು, ನೀರು ಕುಡಿದು, ಮತ್ತೆ ನಕ್ಕು, "ಅಮ್ಮಾ, ಸಾಕ್ಷಿ ಸಾಕು. ನೀವಿನ್ನು ಡಾಕ್ಟರ್" ಎಂದರು.

ಮನೆಗೆ ಬಂದ ಮೇಲೆ, ಮುಳ್ಳಣ್ಣನ ಎದುರಿಗೇ, ವಿಚಾರಣೆ ನಡೆಯಿತು.

"ಗೊತ್ತಿತ್ತಾ ನಿಂಗೆ?"

"ಕುಂಡಕ್ಕೆ ನೀರು ಹಾಕೋಳು ಯಾರು, ನೀವಾ? ಮಣ್ಣು ಬದಲಾಯಿಸೋಕೆ ಹೋದ್ರೆ ಬೇರಿಗಿಂತ ಮಾತ್ರೆ ಜಾಸ್ತಿ ಇತ್ತು."

"ಗುಳಿಗೆ."

"ಬಾಯಿ ಮುಚ್ಚಿ! ಆಗ ಹೆಂಡತಿಯಾಗಿದ್ದಿದ್ರೆ ಅಲ್ಲೇ ಜಾಡಿಸ್ತಿದ್ದೆ. ಆದರೆ ಮಾಹಿತಿ ಮುಗಿಯೋ ತನಕ ನಾನು ಸಂಶೋಧಕಿ, ಬಾಯಿ ಬಿಡೋ ಹಾಗಿಲ್ಲ. ಮರಿ ಮೇಡಂ ಹತ್ರ ಹೋಗಿ ಅತ್ತೆ. 'ಅಮ್ಮಾ, ಇನ್ನು ಆರು ವಾರ ತಡೀರಿ, ಬಿಪಿ ನೋಡ್ತಾ ಇರಿ, ಏರಿದ್ರೆ ಪ್ರಬಂಧ ಹಾಳಾಗಿ ಹೋಗ್ಲಿ, ಮನೆಯವರು ಮುಖ್ಯ' ಅಂದ್ರು. ದಿನಾ ಕೈಗೆ ಪಟ್ಟಿ ಕಟ್ಟಿ ನೋಡ್ತಿದ್ದೆನಲ್ಲ, ಅದ್ಯಾಕೆ ಅಂದ್ಕೊಂಡ್ರಿ? ಅಡುಗೆಗೆ ಉಪ್ಪು ಹಾಕ್ತಿರಲಿಲ್ಲವಲ್ಲ, ಅದ್ಯಾಕೆ?"

"ಓದಿನ ಗಡಿಬಿಡೀಲಿ ಮರೀತಿದ್ದೀಯ ಅಂದ್ಕೊಂಡಿದ್ದೆ" ಎಂದ ಕೊಂಬಣ್ಣ ಮೆಲ್ಲಗೆ.

"ಮಾಹಿತಿ ಮುಗಿದ ಮಾರನೇ ದಿನವೇ ಕರಡು ನಿಮ್ಮ ಕೈಗಿಟ್ಟೆ. ಗುರುತು ಮರೆಸಬೇಕಲ್ಲ, ಯಾಕೆ ಅಂತ ಹೇಳದೇ ಈ ಮುಳ್ಳಣ್ಣನ್ನ ಕೇಳಿ ಅವರ ಕೆಲಸ ಸಾಲ ತಗೊಂಡಿದ್ದೆ, ಅಷ್ಟೇ. ಓದಿದ್ರೆ ನಾಚಿಕೊಂಡು ಸರಿ ಹೋಗ್ತೀರಿ ಅಂದ್ಕೊಂಡೆ. ಮುನ್ನೂರ ಹನ್ನೆರಡು ತಪ್ಪು ಹುಡುಕಿದಿರಿ. ಮುನ್ನೂರ ಹದಿಮೂರನೇದು ಕನ್ನಡೀಲಿತ್ತು."

ಕೊಂಬಣ್ಣ ಮುಳ್ಳಣ್ಣನ ಕಡೆ ತಿರುಗಿದ. "ಹಾಗಾದ್ರೆ ನೀನು ಮೂರು ತಿಂಗಳು ನುಂಗಿದ್ದೇನು?"

"ಪೆಪ್ಪರ್‌ಮಿಂಟ್" ಎಂದ ಮುಳ್ಳಣ್ಣ. "ನೀನು ಮೊದಲ ದಿನ ಬಂದು ಬಾಯಿ ತೆಗಿ ಅಂದ್ಯಲ್ಲ, ಅವತ್ತೇ ಈ ತಂಗಿ ಹತ್ರ ಓಡಿ ಬಂದೆ. 'ನಾನೇನೂ ಹೇಳೋ ಹಾಗಿಲ್ಲ ಅಣ್ಣ, ಆದ್ರೆ ಜೊತೇಲಿ ಪೆಪ್ಪರ್‌ಮಿಂಟ್ ತಿಂದ್ರೆ ಯಾರಿಗೂ ನಷ್ಟ ಇಲ್ಲ' ಅಂದ್ರು. ನಷ್ಟ ಇಲ್ವಂತೆ! ಎರಡು ಹಲ್ಲು ಹುಳುಕು ಹಿಡೀತು, ಮಾರಾಯ."

ರಟ್ಟು ಕಟ್ಟಿದ ಪ್ರತಿ ಮನೆಗೆ ಬಂದದ್ದು ತಿಂಗಳ ಮೇಲೆ. ಕೊಂಬಣ್ಣ ಎರಡೂ ಕೈ ಚಾಚಿ ತೆಗೆದುಕೊಂಡ. ತೆಗೆದುಕೊಂಡವನು ಹಾಗೇ ನಿಂತ. ಒಳಗಿನ ಪ್ರತಿ ಪುಟ ತಿದ್ದಿದ್ದ, ರಟ್ಟಿನ ಬೆನ್ನು ತಿದ್ದುವುದು ಯಾರಿಗೂ ಹೊಳೆದಿರಲಿಲ್ಲ. ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು: 'ಗಂಡಸರು ಮತ್ತು ಗಳಿಗೆ'.

ಅವನು ಕೆಂಪು ಪೆನ್ನು ತೆಗೆದ. ನರ್ಸಮ್ಮ ಕಿತ್ತುಕೊಂಡರು. "ಬಂಗಾರದ ಮೇಲೆ ಕೆಂಪು ಗೀಚಿದ್ರೆ ನೋಡಿ! ಹೋಗಿ, ಎಂಟಾಯ್ತು, ಅಣ್ಣ ಕಾಯ್ತಿರ್ತಾರೆ."

ಎಂಟು ಗಂಟೆಯ ಆ ಗಳಿಗೆ ಆಮೇಲೆ ಹದಿನಾಲ್ಕು ವರ್ಷ ನಡೆಯಿತು. ಎರಡು ಲೋಟ ನೀರು, ಒಂದು ಗುಳಿಗೆ, ಒಂದು ಪೆಪ್ಪರ್‌ಮಿಂಟ್, ಒಂದು 'ಕೆನ್ನೆ ತೋರಿಸು'. ಬೆನ್ನಿನ ಆ ತಪ್ಪಿನ ವಿಷಯಕ್ಕೆ ಗಂಡ ಹೆಂಡತಿ ಹದಿನಾಲ್ಕು ವರ್ಷವೂ ಕಿತ್ತಾಡಿದರು. ಹೋಗುವಾಗ ಕೊಂಬಣ್ಣ ಯಾರಿಗೂ ತೊಂದರೆ ಕೊಡಲಿಲ್ಲ. ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಪತ್ರಿಕೆ ಇಟ್ಟುಕೊಂಡು, ಮೂರನೇ ಪುಟದವರೆಗೆ ತಿದ್ದಿದ್ದ.

ಮೊನ್ನೆ ನರ್ಸಮ್ಮ ಕಪಾಟು ಒರೆಸುವಾಗ ಮಹಾಪ್ರಬಂಧ ತೆಗೆದರಂತೆ. ಮುಳ್ಳಣ್ಣನನ್ನು ಕರೆದು ಕೊನೆಯ ಹಾಳೆ ತೋರಿಸಿದರು. ಕೆಂಪು ಶಾಯಿ, ಕೊಂಬಣ್ಣನದೇ ಬರಹ, ಸ್ವಲ್ಪ ನಡುಗಿದ್ದು:

'ಬೆನ್ನು ತಿದ್ದಿ ನೋಡಿದೆ. ಕೊಂಬು ಬೇಡ. ಗಳಿಗೆ ಎಂದೇ ಇರಲಿ.'

ಮೂವತ್ತು ವರ್ಷ ಅಕ್ಷರ ನೋಡಿದವನು ಕೊನೆಗೊಮ್ಮೆ ಅರ್ಥ ನೋಡಿ ಸಹಿ ಹಾಕಿದ್ದ. ಮುಳ್ಳಣ್ಣ ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದ. ಅಷ್ಟರಲ್ಲಿ ನರ್ಸಮ್ಮ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಗ್ಗಿ ನೋಡಿ, ತಟ್ಟನೆ ನಕ್ಕುಬಿಟ್ಟರು.

"ಅಣ್ಣಾ, ತಾರೀಖು ನೋಡಿ ಇಲ್ಲಿ!"

ಸಹಿಯ ಕೆಳಗೆ ಕೊಂಬಣ್ಣ ದುಂಡಾಗಿ, ಒಂದು ಒತ್ತೂ ತಪ್ಪದಂತೆ, ಫೆಬ್ರವರಿ ಮೂವತ್ತು ಎಂದು ಬರೆದಿದ್ದ.